ಉಪ್ಪು ನೋಡದ ಎಡೆ

ನಾನು ಮಾಂಸ ತಿನ್ನುವುದಿಲ್ಲ. ಆದರೂ ಗಂಡನ ಮನೆಯಲ್ಲಿ ಹಿರಿಯರ ಹಬ್ಬದ ಮಾಂಸದಡಿಗೆ ಮಾಡುವವಳು ನಾನೇ. ಮದುವೆಯಾಗಿ ಬಂದ ವರ್ಷದಿಂದ ಇದೇ ಕ್ರಮ. ಮಹಾಲಯ ಅಮಾವಾಸ್ಯೆಯ ದಿನ, ಈಗಾದರೆ ಚನ್ನಗಿರಿಯಿಂದ, ಮೊದಲ ಬಸ್ಸಿಗೆ ಬಸವಾಪಟ್ಟಣಕ್ಕೆ ಹೋಗುತ್ತೇನೆ. ಅಲ್ಲಿ ಮೈದುನನ ಮನೆಯಲ್ಲಿ ಸ್ನಾನ ಮಾಡಿ, ಸೆರಗು ಸಿಕ್ಕಿಸಿ, ಒಲೆಯ ಮುಂದೆ ನಿಲ್ಲುತ್ತೇನೆ.

ಕಾರಣ ಸರಳ. ಸತ್ತ ಹಿರಿಯರಿಗೆ ಬಾಳೆ ಎಲೆಯಲ್ಲಿ ಬಡಿಸಿಡುವ ಎಡೆಯನ್ನು ಅವರಿಗಿಂತ ಮೊದಲು ಯಾರೂ ರುಚಿ ನೋಡಬಾರದು. ನಾಲಿಗೆಗೆ ಒಂದು ಹನಿ ತಾಕಿದರೂ ಎಂಜಲು. ಮಾಂಸದ ಸಾರು ಕುದಿಯುತ್ತಿರುವಾಗ ಅಂಗೈಗೆ ಹನಿ ಬಿಟ್ಟುಕೊಂಡು ನೆಕ್ಕದೆ ಇರುವ ಹೆಂಗಸು ಆ ಮನೆಯಲ್ಲಿ ಇರಲಿಲ್ಲ. ನಾನು ಕಾಲಿಡುವ ಹಿಂದಿನ ವರ್ಷ ಯಾರೋ ನೆಕ್ಕಿದರಂತೆ, ಹಾಲು ಕರೆಯುವ ಎಮ್ಮೆ ಸತ್ತಿತಂತೆ. ಹೊಸ ಸೊಸೆ ಮಾಂಸ ಮುಟ್ಟುವುದಿಲ್ಲ ಎಂಬ ಸುದ್ದಿ ತಿಳಿದ ಕೂಡಲೇ ಗಂಡನ ಅಕ್ಕ ತೀರ್ಮಾನ ಕೊಟ್ಟಳು.

"ಇವಳ ಕೈಲೇ ಮಾಡಿಸ್ರಿ. ಬೆಕ್ಕನ್ನ ಹಾಲು ಕಾಯಾಕೆ ಇಡೋದಕ್ಕಿಂತ ಹಸುನ ಇಡೋದು ವಾಸಿ."

ಎಲ್ಲರೂ ನಕ್ಕರು. ನಾನು ಮಾಂಸ ತೊಳೆದೆ. ಗಾಯ ತೊಳೆದು ಪಟ್ಟಿ ಕಟ್ಟುವ ಕೈ ನನ್ನದು, ಅಸಹ್ಯವೇನೂ ಆಗಲಿಲ್ಲ. ಮುಟ್ಟುವುದು ಬೇರೆ, ತಿನ್ನುವುದು ಬೇರೆ. ಖಾರಕ್ಕೆ, ಉಪ್ಪಿಗೆ ಚಮಚದ ಲೆಕ್ಕ ಇಟ್ಟುಕೊಂಡೆ. ರುಚಿ ನೋಡದೆ ಅಡಿಗೆ ಮಾಡುವವರಿಗೆ ಅಳತೆಯೇ ನಾಲಿಗೆ. ಆ ಸಾರಿನಲ್ಲಿ ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು ಎಂದು ಯಾರೂ ಒಂದು ಮಾತು ಆಡಿದ್ದಿಲ್ಲ. ಚೆನ್ನಾಗಿದೆ ಎಂದೂ ಆಡಿದ್ದಿಲ್ಲ.

ಆ ಹಬ್ಬದ ಇನ್ನೊಂದು ನಿಯಮವನ್ನೂ ಇಲ್ಲೇ ಹೇಳಬೇಕು. ಎಡೆ ಇಟ್ಟು, ಲೋಬಾನದ ಹೊಗೆ ಹಾಕಿ, ಬಾಗಿಲು ಮುಂದೆ ಮಾಡಿ, ಹಿರಿಯರು ಉಂಡರು ಎಂದಾದ ಮೇಲೆ, ಆ ಎಲೆಯ ಮುಂದೆ ಸತ್ತವರಿಗೆ ಎಲ್ಲರಿಗಿಂತ ಹತ್ತಿರದವರು ಕೂತು ಉಣ್ಣಬೇಕು. ಎಲೆಯಲ್ಲಿ ಒಂದಗುಳೂ ಬಿಡುವಂತಿಲ್ಲ. ಎಲೆಗೆ ಆಮೇಲೆ ಏನನ್ನೂ ಸೇರಿಸುವಂತೆಯೂ ಇಲ್ಲ. ನಮ್ಮನೆಯವರು ಚಿಕ್ಕ ಮಗುವಾಗಿದ್ದಾಗಲೇ, ಮೈದುನನನ್ನು ಹೆತ್ತ ಬಾಣಂತನದಲ್ಲಿ, ಅತ್ತೆ ತೀರಿಕೊಂಡಿದ್ದರು. ಮಾವ ಇರುವತನಕ ಅತ್ತೆಯ ಎಲೆ ಮಾವನೇ ಉಂಡರು. ಮಾವ ಹೋದ ಮೇಲೆ ಎರಡೂ ಎಲೆ ಮೈದುನನ ಪಾಲಾದವು. ಎಲೆ ಯಾರ ಮುಂದೆ ಹೋಗುತ್ತದೆ ಎಂದು ನೋಡಿದರೆ ಸಾಕು, ಸತ್ತವರು ಯಾರಿಗೆ ಸೇರಿದವರು ಎಂದು ಊರಿಗೇ ತಿಳಿಯುತ್ತದೆ.

ಮಾಂಸ ಯಾಕೆ ಬಿಟ್ಟೆ ಎಂದು ಕೇಳುವವರಿಗೆ ದೊಡ್ಡ ಕಥೆ ಬೇಕು. ನನ್ನಲ್ಲಿ ಕಥೆ ಇಲ್ಲ. ದಾವಣಗೆರೆಯಲ್ಲಿ ನರ್ಸ್ ತರಬೇತಿಗೆ ಸೇರಿದಾಗ ಹಾಸ್ಟೆಲಿನಲ್ಲಿ ಎಲ್ಲವೂ ಗಂಟೆಗೆ: ಏಳುವುದು, ಹಾಸಿಗೆ ಮಡಿಸುವುದು, ಉಣ್ಣುವುದು. ಭಾನುವಾರ ಮಾಂಸ. ನನಗೆ ಮೇಲಿಂದ ಮೇಲೆ ಭಾನುವಾರವೇ ಡ್ಯೂಟಿ ಬಿತ್ತು. ಡ್ಯೂಟಿ ಬದಲಾಗುವ ಹೊತ್ತಿಗೆ ನನಗೆ ಅದು ಬೇಡವಾಗಿತ್ತು. ಅಷ್ಟೇ. ರಜೆಗೆ ಜಗಳೂರಿನ ತವರಿಗೆ ಹೋದಾಗ ಅವ್ವ ನನಗೆಂದೇ ಕೋಳಿ ಕೊಯ್ಯಿಸಿದ್ದಳು. ಒಲ್ಲೆ ಎಂದೆ. ಅವ್ವ ಗಂಗಾಳವನ್ನು ನನ್ನ ಮುಂದಿನಿಂದ ಎಳೆದುಕೊಂಡು, "ಪಟ್ಟಣದ ಅನ್ನ ಉಂಡ ಮ್ಯಾಲೆ ನಮ್ಮ ಗಂಗಾಳ ಹೊಲಸಾತೇನು?" ಎಂದಳು. ಆ ಗಂಗಾಳದಲ್ಲಿ ಮತ್ತೆಂದೂ ನನಗೆ ಬಡಿಸಲಿಲ್ಲ. ಬೇರೆ ಒಂದು ಸ್ಟೀಲ್ ತಟ್ಟೆ ಕೊಟ್ಟಳು, ನೆಂಟರಿಗೆ ಕೊಡುವಂಥದ್ದು.

ಹಬ್ಬದ ಸಾಲು ಎಂದರೆ ನಮ್ಮ ಕಡೆ ಒಂದು ದಿನ ಹೋಳಿಗೆ, ಮರುದಿನ ಕರಿ. ಕರಿಯ ದಿನ ಮಾಂಸ. ಯುಗಾದಿಗೂ ಕರಿ, ದೀಪಾವಳಿಗೂ ಕರಿ. ಹೋಳಿಗೆಯ ದಿನ ನಾನು ಮನುಷ್ಯಳು. ಕರಿಯ ದಿನ ನಾನು ತಮಾಷೆ. "ತುಂಡು ಆರಿಸಿ ತೆಗೀತೀವಿ, ಸಾರಷ್ಟೇ ಹಾಕ್ಕೊಳ್ರಿ." "ಕುರಿ ತಿಂದಿದ್ದು ಹುಲ್ಲು ತಾನೆ ಅತ್ತಿಗೆ? ಹುಲ್ಲಿನ ಸಾರು ಅಂದ್ಕಂಡು ಉಣ್ರಿ." ಶ್ರಾವಣ ಮಾಸದಲ್ಲಿ ಇಡೀ ಮನೆ ಮಾಂಸ ಬಿಡುತ್ತಿತ್ತು. ಅದು ಮುಗಿದ ದಿನ ಗಂಡನ ಅಕ್ಕ ತಪ್ಪದೆ ಕೇಳುವಳು: "ನಮ್ಮ ಶ್ರಾವಣ ಮುಗೀತು. ನಿಂದು ಯಾವಾಗ ಮುಗೀತೈತೆ ನರ್ಸಮ್ಮ?" ಎಲ್ಲರೂ ಉಂಡು ಬೆರಳು ನೆಕ್ಕುವಾಗ ನಾನು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದೆ. ಅಡಿಗೆ ಮಾಡಿದವಳು ನಾನೇ, ಆಮೇಲೆ ಪಾತ್ರೆಯ ಜಿಡ್ಡು ತೆಗೆಯುವವಳೂ ನಾನೇ.

ನಮ್ಮನೆಯವರು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ನ್ಯಾಮತಿ ಆಸ್ಪತ್ರೆಯಲ್ಲಿ ನಾನು ಕೆಲಸದಲ್ಲಿದ್ದಾಗ ಕೈ ಸುಟ್ಟುಕೊಂಡು ಬಂದಿದ್ದರು. ಪಟ್ಟಿ ಕಟ್ಟಿದವಳು ನಾನು. ಜಾತಿ ಒಂದೇ, ಎರಡೂ ಕಡೆಯ ಹಿರಿಯರು ಮಾತಾಡಿ ಮುಗಿಸಿದರು. ಮದುವೆಯ ನಂತರದ ಮೊದಲ ಕರಿಯ ದಿನ, ನಾನು ಅವರಿಗೆಂದು ಮಾಂಸ ತರಿಸಲು ಚೀಲ ಕೈಗೆ ಕೊಟ್ಟಾಗ, ಅವರು ಚೀಲವನ್ನು ಮೊಳೆಗೆ ತೂಗುಹಾಕಿದರು.

"ಇಬ್ಬರಿಗೆ ಎರಡು ಪಾತ್ರೆ ಯಾಕೆ? ನಾನೂ ಬಿಟ್ಟೆ ತಗ."

ನಾನು ಕೇಳಿರಲಿಲ್ಲ. ಅವರಾಗಿ ಬಿಟ್ಟದ್ದು. ಮಾವನ ಎಲೆ ಹಿರಿಮಗನಿಗೆ ಬಾರದೆ ಮೈದುನನಿಗೆ ಹೋದದ್ದೂ ಇದರಿಂದಲೇ. ಅವರು ನನಗೆ ಸೀರೆ ತಂದವರಲ್ಲ, ಜೊತೆಯಲ್ಲಿ ತಿರುಗಾಡಿಸಿದವರಲ್ಲ, ಹೆಸರು ಹಿಡಿದು ಕರೆದವರೂ ಅಲ್ಲ. ಮಕ್ಕಳಾಗಲಿಲ್ಲ. ಅವರು ನನಗೆ ಕೊಟ್ಟದ್ದು ಅದೊಂದೇ, ಮೊಳೆಗೆ ತೂಗುಹಾಕಿದ ಆ ಚೀಲ. ಅವರ ಮನೆಯವರು "ಗಂಡನ್ನ ಹುಲ್ಲಿಗೆ ಹಚ್ಚಿದಳು" ಎಂದು ನನ್ನ ಮುಖದ ಮುಂದೆಯೇ ಅನ್ನುತ್ತಿದ್ದರು. ನನಗೆ ಒಳಗೊಳಗೆ ಹೆಮ್ಮೆಯೇ ಆಗುತ್ತಿತ್ತು.

ದಸರೆಯ ಮಾರನೆಯ ದಿನ, ದೀಪಾವಳಿ ಕರಿಯ ದಿನ, ಅವರು ಹೊನ್ನಾಳಿಗೆ ಅಕ್ಕನನ್ನು ನೋಡಲು ಹೋಗುತ್ತಿದ್ದರು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಹೋಗಲಿ ಎಂದು ನಾನೂ ಹಣ್ಣು ಕಟ್ಟಿ ಕಳಿಸುತ್ತಿದ್ದೆ. ಸಂಜೆ ಬರುವಾಗ ತಲೆಗೂದಲು ಒದ್ದೆ, ಬಾಯಿ ತುಂಬ ಎಲೆಅಡಿಕೆ. "ಹೊಳ್ಯಾಗೆ ಮುಳುಗು ಹಾಕಿ ಬಂದೆ," ಎನ್ನುವರು. ನಾನು ಬಿಸಿ ಅನ್ನ ಬಡಿಸಿದರೆ ಎರಡು ತುತ್ತು ಉಂಡು ಬಸ್ಸಿನ ಆಯಾಸ ಎಂದು ಏಳುವರು. ಹೊಳೆಯ ಮೇಲೆ ಇಷ್ಟು ಭಕ್ತಿ ಇರುವ ಗಂಡಸು ಅಪರೂಪ ಎಂದುಕೊಂಡು ಒದ್ದೆ ಟವೆಲ್ಲು ಒಣಹಾಕುತ್ತಿದ್ದೆ.

ಇಬ್ಬರೂ ನಿವೃತ್ತರಾಗಿ ಚನ್ನಗಿರಿಯಲ್ಲಿ ಮನೆ ಮಾಡಿದ ಮೇಲೆ ಅವರ ಕಿಡ್ನಿ ಕೆಟ್ಟಿತು. ಹೃದಯವೂ ಸೋತಿತ್ತು. ಡಯಾಲಿಸಿಸ್‌ಗೆ ದಾವಣಗೆರೆಗೆ ಹೋಗಿಬರುತ್ತಿದ್ದೆವು. ಡಾಕ್ಟರು ಉಪ್ಪು ಪೂರ್ತಿ ಬಿಡಿಸಿದರು, ನೀರಿಗೂ ಅಳತೆ ಇಟ್ಟರು. ಮನೆಯನ್ನು ನಾನು ವಾರ್ಡಿನಂತೆ ನಡೆಸಿದೆ. ಉಪ್ಪಿನ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

"ಒಂದು ಚೂರು ಉಪ್ಪಿನಕಾಯಿ ಕೊಡೇ. ನಾಲಿಗೆ ಮ್ಯಾಲೆ ಇಟ್ಕಂಡು ಉಗಿದುಬಿಡ್ತೀನಿ."

"ಇಲ್ಲ."

"ಕೈದಿಗಾದ್ರೂ ಉಪ್ಪು ಹಾಕ್ತಾರೆ."

"ಕೈದಿಗೆ ಕಿಡ್ನಿ ಸರಿ ಇರ್ತವೆ."

ಹೊನ್ನಾಳಿಯಿಂದ ಅಕ್ಕ ಆಗಾಗ ಬಂದು ಮಂಚದ ಪಕ್ಕ ಕೂರುತ್ತಿದ್ದಳು. ಅಕ್ಕ ತಮ್ಮ ಮಾತಾಡಿಕೊಳ್ಳಲಿ ಎಂದು ನಾನು ಆ ಹೊತ್ತಿಗೆ ಸಂತೆಗೋ ಔಷಧಿ ಅಂಗಡಿಗೋ ಹೋಗುತ್ತಿದ್ದೆ. ಅವಳು ಬಂದುಹೋದ ಮರುದಿನ ಅವರ ಕಾಲಿನ ಬಾವು ಏರುತ್ತಿತ್ತು. ಬೆರಳೊತ್ತಿದರೆ ಗುಳಿ ಬೀಳುತ್ತಿತ್ತು. "ನೀರು ಕದ್ದು ಕುಡಿದ್ರಾ?" ಎಂದು ಜೋರು ಮಾಡುತ್ತಿದ್ದೆ. ಅವರು ಗೋಡೆಗೆ ಮುಖ ತಿರುಗಿಸುತ್ತಿದ್ದರು. ನಾನು ನೀರಿನ ಅಳತೆಯನ್ನು ಇನ್ನಷ್ಟು ಇಳಿಸಿದೆ. ಒಂದು ಮಳೆಗಾಲದಲ್ಲಿ ಅವರು ಹೋದರು. ಹೆಣವಿನ್ನೂ ಪಡಸಾಲೆಯಲ್ಲಿರುವಾಗಲೇ ಅಕ್ಕ ಎಲ್ಲರಿಗೂ ಕೇಳುವಂತೆ ಅಂದಳು: "ಬಾಯಿ ಕಟ್ಟಿ ಕಳಿಸಿದ್ಯಲ್ಲೇ ನರ್ಸಮ್ಮ. ಹಸ್ಕಂಡು ಹೋದ ನನ್ನ ಕೂಸು."

ಹೋದ ವರ್ಷ ಅವರ ಮೊದಲ ಹಿರಿಯರ ಹಬ್ಬ. ಅತ್ತೆ ಮಾವನ ಎಲೆಗಳ ಪಕ್ಕ ಅವರದೂ ಒಂದು ಎಲೆ. ನಾನು ಹಿಂದಿನ ದಿನವೇ ಮೈದುನನಿಗೆ ಹೇಳಿದ್ದೆ: ಅಣ್ಣನ ಎಡೆಗೆ ಮಾಂಸ ಬೇಡ. ಹೋಳಿಗೆ, ಕೋಸಂಬರಿ, ಎಣ್ಣೆಗಾಯಿ, ಅನ್ನ, ಸಾರು ಇಡೋಣ. ಅವರು ಬಿಟ್ಟು ಬದುಕಿದ್ದನ್ನು ಸತ್ತ ಮೇಲೆ ಬಡಿಸಬಾರದು. ಮತ್ತು, ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು: ಎಡೆಯಲ್ಲಿ ಮಾಂಸವಿದ್ದರೆ ಆ ಎಲೆಯನ್ನು ನಾನು ಉಣ್ಣಲಾಗುವುದಿಲ್ಲ. ಮಕ್ಕಳಿಲ್ಲದ ನನಗೆ ಆ ಎಲೆಯ ಹೊರತು ಅವರ ಮೇಲೆ ಬೇರೆ ಹಕ್ಕು ಉಳಿದಿರಲಿಲ್ಲ.

ಅಕ್ಕ ಆ ಮಾತಿಗೆಂದೇ ಕಾದಿದ್ದಳು.

"ಎಡೆ ನಿಂದಲ್ಲ, ಅವನದು. ಅವನಿಗೆ ಏನು ಇಷ್ಟನೋ ಅದು ಇಡಬೇಕು."

"ಅವರಿಗೆ ಇಷ್ಟ ಇದ್ದದ್ದು ನನಗೆ ಗೊತ್ತು ಅಕ್ಕ."

"ನಿಂಗೇನು ಗೊತ್ತು? ನಿಂಗೆ ಗೊತ್ತಿರೋದು ಅವನ ಬಿಪಿ."

ಮೈದುನ ಜಗಳ ಬಿಡಿಸಲು ತನಗೆ ತೋಚಿದ ದಾರಿ ಹುಡುಕಿದ. ನನ್ನದೊಂದು ಎಲೆ, ಅಕ್ಕನದೊಂದು ಎಲೆ, ಎರಡನ್ನೂ ತಾರಸಿಯ ಮೇಲೆ ಇಡುವುದು. ಕಾಗೆ ಯಾವುದನ್ನು ಮೊದಲು ಮುಟ್ಟುತ್ತದೋ ಅದು ಅಣ್ಣನ ಎಡೆ. "ಅಣ್ಣನೇ ಬಂದು ಹೇಳ್ತಾನೆ ಬಿಡ್ರಿ ಅತ್ತಿಗೆ. ನಮ್ಮ ತಕರಾರು ಯಾಕೆ?" ಎಂದ. ಮಾಂಸವನ್ನೂ ಹೋಳಿಗೆಯನ್ನೂ ಮುಂದಿಟ್ಟು ಕಾಗೆಯನ್ನು ಕೇಳುವ ನ್ಯಾಯ ಎಂಥದ್ದು ಎಂದು ನಾನು ಅಲ್ಲೇ ಕೇಳಬಹುದಿತ್ತು. ಕೇಳಲಿಲ್ಲ. ಅವರೇ ಬರುತ್ತಾರೆ, ನನ್ನ ಎಲೆಗೇ ಬರುತ್ತಾರೆ ಎಂದು ನಾನೂ ನಂಬಿದ್ದೆ.

ಕಾಗೆ ಬಹಳ ಹೊತ್ತು ಕಾಯಿಸಲಿಲ್ಲ. ನೀರಿನ ಟ್ಯಾಂಕಿನ ಮೇಲಿಂದ ನೇರ ಇಳಿದು, ನನ್ನ ಹೋಳಿಗೆಯ ಮೇಲೆ ಕಾಲಿಟ್ಟು ದಾಟಿ, ಆಚೆಯ ಎಲೆಯಿಂದ ಒಂದು ತುಂಡು ಎತ್ತಿಕೊಂಡು ಹಾರಿತು. ಮೆಟ್ಟಿಲ ಬಳಿ ನಿಂತವರೆಲ್ಲ ಹೋ ಎಂದರು. ನೆರೆಮನೆಯವರೂ ನಗುತ್ತಿದ್ದರು. ಯಾರೋ ಚಪ್ಪಾಳೆ ತಟ್ಟಿದರು.

"ನೋಡಿದ್ಯಾ?" ಎಂದಳು ಅಕ್ಕ. ಅವಳ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು ಇತ್ತು. "ನನ್ನ ಕೂಸು ನನ್ನ ಎಲೆಗೇ ಬಂತು. ಯಾಕೆ ಬರಲ್ಲ? ಬದುಕಿದ್ದಾಗ ಯಾವ ಕರಿ ತಪ್ಪಿಸಿದ್ದ? ಹೊನ್ನಾಳಿಗೆ ಬಂದು ಎರಡು ಸಲ ಬಡಿಸ್ಕಂಡು ಉಣ್ತಿದ್ದ. ಉಂಡು ಹೊಳ್ಯಾಗೆ ಮುಳುಗೋನು. 'ವಾಸನೆ ಹೋತೇನಕ್ಕ, ನೋಡು' ಅಂತ ಮೂತಿ ಹತ್ರ ತರೋನು. ನಾನೇ ಎಲೆಅಡಿಕೆ ಮಡಚಿ ಕೊಡ್ತಿದ್ದೆ. ನೀನು ಟವಲ್ ಒಣಗಿಸ್ತಿದ್ಯಂತಲ್ಲ! ಅದನ್ನ ಹೇಳ್ಕಂಡು ಹೇಳ್ಕಂಡು ನಗೋನು."

ನಾನು ಕಾಗೆ ತುಳಿದ ಹೋಳಿಗೆಯ ಎಲೆಯನ್ನು ಎತ್ತಿಕೊಂಡೆ. ಅಷ್ಟು ಅವಳಿಗೆ ಸಾಕಾಗಲಿಲ್ಲ.

"ಕೊನಿಗೆ ನಿನ್ನ ಮನ್ಯಾಗೇ, ನಿನ್ನ ಮಂಚದ ಮ್ಯಾಲೇ ತಿನ್ಸೀನಿ ಕಣೇ. ನೀನು ಸಂತಿಗೆ ಹೋದಾಗ. ಡಬ್ಬ್ಯಾಗೆ ತರ್ತಿದ್ದೆ. ನನ್ನ ಕೈಯಾರೆ ತುತ್ತು ಮಾಡಿ ಬಾಯಿಗಿಟ್ಟೀನಿ."

"ಉಪ್ಪು ಹಾಕಿದ್ರಾ ಅಕ್ಕ?"

"ಇದೊಳ್ಳೆ ಕೇಳ್ತೀಯ! ಉಪ್ಪಿಲ್ದೆ ಯಾರಾದ್ರೂ ಖಂಡ ಬೇಯಿಸ್ತಾರಾ? ಒಂದು ಚಿಟಿಕೆ ಜಾಸ್ತಿನೇ ಹಾಕ್ತಿದ್ದೆ. ನಾಲಿಗೆ ಸತ್ತೋಗಿತ್ತು ಅವನಿಗೆ, ಪಾಪ."

ಕಾಗೆ ಮುಟ್ಟಿದ ಎಲೆಯನ್ನು ಒಳಗೆ ತಂದು ಎಡೆ ಇಟ್ಟು ಮುಗಿಸಿದ ಮೇಲೆ ಅವಳು ನನ್ನ ಗಂಡನ ಎಲೆಯ ಮುಂದೆ ಕೂತಳು. ನಾನು ಬೇಯಿಸಿದ ಮಾಂಸವನ್ನು, ಎಲುಬಿನ ಒಳಗಿನದನ್ನೂ ಹೀರಿ, ಒಂದಗುಳು ಬಿಡದೆ ಉಂಡಳು. ನಾನು ಹೊಸ್ತಿಲ ಮೇಲೆ ಕೂತು ನೋಡಿದೆ. ನನ್ನ ಎಡೆಯನ್ನು ಯಾರೂ ಮುಟ್ಟಲಿಲ್ಲ. ಅದನ್ನು ಎಮ್ಮೆಗೆ ಹಾಕಿದರು. ಪಾತ್ರೆ ತೊಳೆದು, ಕಟ್ಟೆಯನ್ನು ಒರೆಸಿ, ಬಸ್ಸು ಹತ್ತಿದೆ. ಮನೆಗೆ ಬಂದು, ಮನೆ ಬದಲಿಸಿದಾಗಲೂ ಜೊತೆಗೆ ತಂದು ಮೊಳೆಗೆ ಹಾಕಿದ್ದ ಆ ಚೀಲ ತೆಗೆದು ಅದರಲ್ಲಿ ಈರುಳ್ಳಿ ಹಾಕಿಟ್ಟೆ.

ಆ ವರ್ಷವೆಲ್ಲ ಊರಲ್ಲಿ ಈ ಕಥೆ ಓಡಾಡಿತು. ಯುಗಾದಿ ಕರಿಯ ದಿನ ಮೈದುನ ಫೋನ್ ಮಾಡಿ, "ಏನ್ರಿ ಅತ್ತಿಗೆ, ನಿಮ್ಮ ತಾರಸಿ ಮ್ಯಾಲೆ ಕಾಗೆ ಬಂದೈತೇನ್ರಿ?" ಎಂದು ಕೇಳಿ ನಕ್ಕ. ಹಿಂದೆ ಆಪರೇಷನ್ ಆದ ರೋಗಿಗಳು ನೋವೆಂದು ಕೂಗಿದಾಗ ನಾನು ಮುಖದ ಮೇಲೆ ಏನನ್ನೂ ತೋರಿಸದೆ ಕೆಲಸ ಮುಗಿಸುತ್ತಿದ್ದೆ. ಹಾಗೆಯೇ ಆ ವರ್ಷವನ್ನೂ ಮುಗಿಸಿದೆ. ಗಂಡ ಸುಳ್ಳು ಹೇಳಿದರಲ್ಲ ಎಂಬುದು ಬೇಗ ಹಳತಾಯಿತು. ಎಲೆ ಹೋಯಿತಲ್ಲ ಎಂಬುದು ಹಳತಾಗಲಿಲ್ಲ.

ಈ ವರ್ಷ ಮತ್ತೆ ಅಮಾವಾಸ್ಯೆ ಬಂತು. ನಾನು ಬರಲಿಕ್ಕಿಲ್ಲ ಎಂದು ಎಲ್ಲರೂ ಎಣಿಸಿದ್ದರಂತೆ. ನಾನು ಮೊದಲ ಬಸ್ಸಿಗೇ ಹೋದೆ. ಮಾಂಸ ತೊಳೆದೆ, ಮಸಾಲೆ ಅರೆದೆ. ದೊಡ್ಡ ಪಾತ್ರೆಯಲ್ಲಿ ಎಲ್ಲರಿಗೆ. ಪಕ್ಕದಲ್ಲಿ ಸಣ್ಣ ಪಾತ್ರೆಯಲ್ಲಿ ನಮ್ಮನೆಯವರ ಎಡೆಗೆ ಬೇರೆಯಾಗಿ. ದೊಡ್ಡದಕ್ಕೆ ಎಂದಿನ ಅಳತೆಯ ಉಪ್ಪು. ಸಣ್ಣದಕ್ಕೆ ಉಪ್ಪಿಲ್ಲ. ಅನ್ನ, ಚಟ್ನಿ, ಪಲ್ಯ, ಅವರ ಎಲೆಗೆ ಹೋಗುವ ಯಾವುದಕ್ಕೂ ಉಪ್ಪಿಲ್ಲ. ರುಚಿ ನೋಡುವಂತಿಲ್ಲವಾದ್ದರಿಂದ ಯಾರಿಗೂ ತಿಳಿಯುವಂತಿರಲಿಲ್ಲ.

ಲೋಬಾನ ಹಾಕಿದರು, ಬಾಗಿಲು ಮುಂದೆ ಮಾಡಿದರು, ತೆಗೆದರು. ಅಕ್ಕ ತಾನಾಗಿಯೇ ಹೋಗಿ ತಮ್ಮನ ಎಲೆಯ ಮುಂದೆ ಕೂತು, "ನೀನು ಮಂಡಕ್ಕಿ ತಗಳಮ್ಮ ನರ್ಸಮ್ಮ, ಅಲ್ಲೇ ಡಬ್ಬ್ಯಾಗೆ ಐತೆ," ಎಂದಳು. ಮೊದಲ ತುತ್ತಿಗೆ ಅವಳ ದವಡೆ ನಿಂತಿತು.

"ಉಪ್ಪೇ ಇಲ್ಲ."

ಪಕ್ಕದ ಎಲೆಯಿಂದ ಮೈದುನ, "ಇದರಾಗೆ ಸರಿ ಐತಲ್ಲಕ್ಕ," ಎಂದ.

"ಇದರಾಗೆ ಇಲ್ಲ. ಒಂದು ಕಲ್ಲು ಉಪ್ಪು ಕೊಡ್ರಿ ಇಲ್ಲಿ."

"ಎಡೆ ಎಲೆಗೆ ಆಮೇಲೆ ಏನೂ ಹಾಕೋ ಹಂಗಿಲ್ಲ ಅಕ್ಕ," ಎಂದೆ. "ನೀವೇ ಕಲಿಸಿದ್ದು. ಅವರಿಗೆ ಡಾಕ್ಟ್ರು ಉಪ್ಪು ಬೇಡ ಅಂದಿದ್ರು. ಅದಕ್ಕೇ ಹಾಕಿಲ್ಲ. ನೀವು ಡಬ್ಬಿಯಲ್ಲಿ ತಂದು ತಿನ್ನಿಸಿದ ಮರುದಿನ ಪ್ರತಿ ಸಲ ಕಾಲು ಬಾತು ಉಸಿರು ಕಟ್ಟುತ್ತಿತ್ತು. ಯಾಕೆ ಅಂತ ನನಗೆ ಗೊತ್ತಾಗಿರಲಿಲ್ಲ. ಹೋದ ವರ್ಷ ನೀವೇ ಹೇಳಿದ್ರಿ. ಉಣ್ರಿ. ಒಂದಗುಳೂ ಬಿಡಬಾರದು."

ಅಕ್ಕ ನನ್ನ ಮುಖ ನೋಡಿದಳು, ಮೈದುನನ ಮುಖ ನೋಡಿದಳು. ಬೇಡ ಬಿಡು ಎಂದು ಯಾರಾದರೂ ಹೇಳುತ್ತಾರೇನೋ ಎಂದು ಕಾದಳು. ಯಾರೂ ಹೇಳಲಿಲ್ಲ. ಎಮ್ಮೆ ಸತ್ತದ್ದನ್ನು ಆ ಮನೆ ಮರೆತಿಲ್ಲ. ಅವಳು ಉಂಡಳು. ಪ್ರತಿ ತುತ್ತಿಗೂ ನೀರು ಕುಡಿದು ನುಂಗಿದಳು. ಎಷ್ಟು ಹೊತ್ತಾದರೂ ನಾನು ಹೊಸ್ತಿಲಿಂದ ಏಳಲಿಲ್ಲ. ಮಂಡಕ್ಕಿ ಆ ದಿನ ಗರಿಗರಿಯಾಗಿತ್ತು.

ದೀಪಾವಳಿ ಕರಿಯ ದಿನ ಮೈದುನ ಫೋನ್ ಮಾಡಿದ. ಈ ಸಲ ನಗಲಿಲ್ಲ. "ಅಕ್ಕ ಹಬ್ಬ ಆದಾಗಿಂದ ಖಂಡ ಮುಟ್ಟಿಲ್ಲಂತೆ ಅತ್ತಿಗೆ. ಹೊನ್ನಾಳಿ ಮನ್ಯಾಗೆ ಮೊಮ್ಮಕ್ಕಳು 'ಅಜ್ಜಿ, ಸಾರಷ್ಟೇ ಹಾಕ್ಕ' ಅಂತ ಕಾಡ್ತಾವಂತೆ. ಎದ್ದು ಹೋಗಿ ಹೊಸ್ತಿಲ ಮ್ಯಾಲೆ ಕುಂದ್ರತಾಳಂತೆ."

"ಹೌದಾ?" ಎಂದೆ.

"ಹಂಗಾದ್ರೆ ಮುಂದಿನ ಸಲ ಅಣ್ಣನ ಎಲೆ ಯಾರು ಉಣ್ಣೋದು? ಮೂರನೇ ಎಲೆ ನನ್ನ ಕೈಲಿ ಆಗಲ್ರಿ."

"ಹೋಳಿಗೆ ಎಡೆ ಇಡ್ರಿ. ನಾನು ಉಣ್ತೀನಿ."

"ಆತು ಬಿಡ್ರಿ," ಎಂದ.

ಅಕ್ಕನೂ ಒಮ್ಮೊಮ್ಮೆ ಫೋನ್ ಮಾಡುತ್ತಾಳೆ. ನರ್ಸಮ್ಮ ಅನ್ನುವುದನ್ನು ಬಿಟ್ಟಿದ್ದಾಳೆ. ಅದೂ ಇದೂ ಮಾತಾಡಿ, ಕೊನೆಗೆ ದನಿ ತಗ್ಗಿಸಿ ಕೇಳುತ್ತಾಳೆ: "ನೀನು ಆಸ್ಪತ್ರ್ಯಾಗೆ ಇದ್ದೋಳು, ನಿಜ ಹೇಳವ್ವ. ನನ್ನಿಂದಾನೇ ಹೋದ್ನಾ?"

ಅಲ್ಲ. ನನಗೆ ಗೊತ್ತು. ಕಿಡ್ನಿ ಎರಡೂ ಹೋಗಿದ್ದವು, ಹೃದಯ ಸೋತಿತ್ತು. ಡಬ್ಬಿಯ ಸಾರು ಬಾವು ತರಿಸಿತು, ಉಸಿರು ಕಟ್ಟಿಸಿತು, ಸಾವು ತರಲಿಲ್ಲ. ಅವಳು ಬರದೆ ಇದ್ದಿದ್ದರೂ ಅವರು ಆ ಮಳೆಗಾಲ ದಾಟುತ್ತಿರಲಿಲ್ಲ ಎಂದು ದಾವಣಗೆರೆಯ ಡಾಕ್ಟರು ನನ್ನನ್ನು ಹೊರಗೆ ಕರೆದು ಮುಂಚೆಯೇ ಹೇಳಿದ್ದರು. ಇದನ್ನು ಅವಳಿಗೆ ಒಂದು ಮಾತಿನಲ್ಲಿ ಹೇಳಬಹುದು. ಹೇಳಿದರೆ ಅವಳು ಮುಂದಿನ ಕರಿಗೆ ಮಾಂಸ ತಿನ್ನುತ್ತಾಳೆ, ಮುಂದಿನ ಅಮಾವಾಸ್ಯೆಗೆ ನನ್ನ ಗಂಡನ ಎಲೆಯ ಮುಂದೆ ಕೂರುತ್ತಾಳೆ.

"ಊಟ ಆತೇನಕ್ಕ?" ಎಂದು ಕೇಳುತ್ತೇನೆ.

"ಆತವ್ವ. ಅನ್ನ, ಸಾರು," ಎನ್ನುತ್ತಾಳೆ.

"ಉಪ್ಪು ಕಮ್ಮಿ ಮಾಡ್ರಿ, ವಯಸ್ಸಾತು," ಎಂದು ಹೇಳಿ ಫೋನ್ ಇಡುತ್ತೇನೆ.